37ನೇ ವಯಸ್ಸಲ್ಲಿ ಕಮ್ಯುನಿಟಿ ಕಾಲೇಜಿಗೆ ಹೋಗಿ ಗ್ರಾಫಿಕ್ ಡಿಸೈನ್ ಓದ್ಬೋದಾ? ಓದಿ, ಆದ್ರೆ ಫೋಟೋಶಾಪ್ ಕ್ಲಾಸಿಂದ ಶುರು ಮಾಡ್ಬೇಡಿ

ಪ್ರಶ್ನೆ: ನಮಸ್ತೆ. ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಇದೀವಿ, ನನಗೆ 37. ವಿಟಿಯುನಲ್ಲಿ ಇ ಅಂಡ್ ಸಿ ಬಿಇ ಮಾಡಿ ಬೆಂಗಳೂರಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ, ಮದುವೆ ಆದ್ಮೇಲೆ ಯಜಮಾನ್ರ ಕೆಲಸದ ವೀಸಾ ಮೇಲೆ ಸಿಗೋ ಎಚ್-4 ವೀಸಾದಲ್ಲಿ ಬಂದೆ, ಈಗ ಇಎಡಿ, ಅಂದ್ರೆ ಕೆಲಸ ಮಾಡೋಕೆ ಪರ್ಮಿಟ್ಟು, ಇದೆ, ಮಕ್ಕಳಿಬ್ರೂ ಸ್ಕೂಲಿಗೆ ಹೋಗ್ತಾರೆ. ಚಿತ್ರ ಬರೆಯೋ ಹುಚ್ಚು ಚಿಕ್ಕಂದಿನಿಂದ ಇದೆ, ಚುಕ್ಕಿ ರಂಗೋಲಿ ಚೆನ್ನಾಗಿ ಹಾಕ್ತೀನಿ, ಕನ್ನಡ ಕೂಟದ ಹಬ್ಬದ ಪೋಸ್ಟರ್‌ಗಳನ್ನ ಕ್ಯಾನ್ವಾದಲ್ಲಿ ನಾನೇ ಮಾಡಿಕೊಡೋದು. ಕಮ್ಯುನಿಟಿ ಕಾಲೇಜಲ್ಲಿ ಗ್ರಾಫಿಕ್ ಡಿಸೈನ್, ಇಲಸ್ಟ್ರೇಶನ್ ಓದ್ಬೇಕು ಅಂತ ಆಸೆ. ಎರಡು ವರ್ಷದ ಡಿಗ್ರಿ ಮಾಡ್ಲಾ, ಸರ್ಟಿಫಿಕೇಟ್ ಸಾಕಾ, ಇಲ್ಲ ಸಾಲ ಮಾಡಿ ದೊಡ್ಡ ಆರ್ಟ್ ಕಾಲೇಜಿಗೇ ಸೇರಿಬಿಡ್ಲಾ? ಈ ಎಐ ಕಾಲದಲ್ಲಿ ಇದನ್ನ ಓದಿ ಏನಾದ್ರೂ ಪ್ರಯೋಜನ ಇದ್ಯಾ? ಯಜಮಾನ್ರು ಯೂಟ್ಯೂಬಲ್ಲೇ ಎಲ್ಲ ಇದೆಯಲ್ಲ ಅಂತಾರೆ.

ಉತ್ತರ: ಮೊದಲೇ ಹೇಳ್ಬಿಡ್ತೀನಿ, ಸೇರಿ. ಆದ್ರೆ ಡಿಗ್ರಿಗೆ ಅಂತ ಸೇರಬೇಡಿ, ಸಾಲ ಮಾಡಿ ಆರ್ಟ್ ಕಾಲೇಜಿಗೆ ಹೋಗೋ ವಿಚಾರ ಅಂತೂ ಈಗ್ಲೇ ತಲೆಯಿಂದ ತೆಗೆದುಹಾಕಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಬೇ ಏರಿಯಾದಲ್ಲಿ ಇದೇ ಪ್ರಶ್ನೆ ಕೇಳೋ ಕನ್ನಡದ ಹೆಣ್ಮಕ್ಕಳು ತುಂಬಾ ಜನ ಇದಾರೆ, ಬಿಇ ಆಗಿರತ್ತೆ, ಕೆಲಸ ಬಿಟ್ಟು ಬಂದಿರ್ತಾರೆ, ಕೈ ಸುಮ್ನೆ ಇರಲ್ಲ.

ಡಿಗ್ರಿ ಯಾಕೆ ಬೇಡ ಅಂದ್ರೆ ನಿಮ್ಮ ಹತ್ರ ಆಗ್ಲೇ ಒಂದಿದೆ. ಇಲ್ಲಿನ ಅಸೋಸಿಯೇಟ್ ಡಿಗ್ರಿಗೆ, ಅಂದ್ರೆ ಆ ಎರಡು ವರ್ಷದ್ದಕ್ಕೆ, 60 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್) ಬೇಕು, ನಿಮ್ಮ ಪಕ್ಕದ ಡಿ ಆಂಜಾ, ಫುಟ್‌ಹಿಲ್ ಕಾಲೇಜು ಎರಡೂ ಕ್ವಾರ್ಟರ್ ಪದ್ಧತಿ ಆದ್ರಿಂದ ಅಲ್ಲಿ 90 ಕ್ವಾರ್ಟರ್ ಯೂನಿಟ್. ಅದರಲ್ಲಿ ದೊಡ್ಡ ಪಾಲು ಜನರಲ್ ಎಜುಕೇಶನ್, ಅಂದ್ರೆ ಇಂಗ್ಲಿಷು, ಗಣಿತ, ಸೈನ್ಸು, ಇತಿಹಾಸ. ವಿಟಿಯುನಲ್ಲಿ ಎಂಜಿನಿಯರಿಂಗ್ ಮ್ಯಾಥ್ಸ್ ನಾಲ್ಕು ಪೇಪರ್ ಬರೆದು ಪಾಸಾದೋರು ಮತ್ತೆ ಇಲ್ಲಿ ಕೂತು ಗಣಿತದ ಪರೀಕ್ಷೆ ಬರೆಯೋದು ಯಾವ ಕರ್ಮಕ್ಕೆ ಹೇಳಿ. ಮಾರ್ಕ್ಸ್ ಕಾರ್ಡನ್ನ ಇವ್ಯಾಲ್ಯುಯೇಷನ್ ಏಜೆನ್ಸಿಗೆ ಕಳ್ಸಿದ್ರೆ ಒಂದಷ್ಟು ಮಾಫಿ ಸಿಗಬಹುದು, ಆದ್ರೆ ಅದಕ್ಕೂ ದುಡ್ಡು, ಓಡಾಟ, ಮೇಲಾಗಿ ಕೊನೆಗೆ ಕೈಗೆ ಬರೋದು ಬಿಇಗಿಂತ ಕೆಳಗಿನ ಡಿಗ್ರಿ. ಅಮೆರಿಕದ ಕಾರ್ಮಿಕ ಇಲಾಖೆಯ ಅಂಕಿಅಂಶದ ವಿಭಾಗದೋರು ಗ್ರಾಫಿಕ್ ಡಿಸೈನರ್ ಕೆಲಸಕ್ಕೆ ಸಾಮಾನ್ಯವಾಗಿ ಬ್ಯಾಚುಲರ್ ಡಿಗ್ರಿ ಬೇಕು ಅಂತ ಬರೀತಾರೆ, ಅದನ್ನ ಓದಿ ತುಂಬಾ ಜನ ಹೆದರ್ತಾರೆ. ಅರ್ಜಿ ಹಾಕೋ ಫಾರ್ಮ್‌ನಲ್ಲಿ ಬ್ಯಾಚುಲರ್ ಇದ್ಯಾ ಅಂತ ಕೇಳಿದ್ರೆ ನೀವು ಹೌದು ಅಂತ ಟಿಕ್ ಹಾಕ್ಬೋದು, ಬಹಳ ಕಡೆ ಅಷ್ಟು ಸಾಕು. ಆಮೇಲೆ ಅವ್ರು ನೋಡೋದು ಪೋರ್ಟ್‌ಫೋಲಿಯೋ, ಅಂದ್ರೆ ನೀವು ಮಾಡಿರೋ ಕೆಲಸಗಳ ಸಂಗ್ರಹ, ಅದೊಂದನ್ನೇ.

ಹಾಗಾಗಿ ನೀವು ಸರ್ಟಿಫಿಕೇಟ್ ಆಫ್ ಅಚೀವ್‌ಮೆಂಟ್ ಕಡೆ ನೋಡಿ, ಬರೀ ಡಿಸೈನ್ ಮತ್ತು ಆರ್ಟ್ ಕ್ಲಾಸುಗಳೇ ಇರ್ತವೆ, ಬೇರೆ ಭಾರ ಇರಲ್ಲ. ನಿಜ ಹೇಳ್ಬೇಕಂದ್ರೆ ಆ ಸರ್ಟಿಫಿಕೇಟ್ ಕಾಗದಾನೂ ಯಾರೂ ಕೇಳಲ್ಲ, ಆದ್ರೆ ಯಾವ ಕ್ಲಾಸಾದ್ಮೇಲೆ ಯಾವ್ದು ಅನ್ನೋದಕ್ಕೆ ಒಂದು ದಾರಿ ಸಿಗತ್ತೆ. ಇದೆಲ್ಲ ಹೇಳ್ತಿರೋದು ಆಗ್ಲೇ ಡಿಗ್ರಿ ಇರೋರಿಗೆ ಮಾತ್ರ. ನಿಮ್ಮ ಮಗಳು ಹೈಸ್ಕೂಲ್ ಮುಗಿಸಿ ಇದೇ ಪ್ರಶ್ನೆ ಕೇಳಿದ್ರೆ ನನ್ನ ಉತ್ತರ ಪೂರ್ತಿ ಬೇರೆ, ಅವಳು ಜನರಲ್ ಎಜುಕೇಶನ್ ಎಲ್ಲ ಇಲ್ಲೇ ಕಮ್ಮಿ ದುಡ್ಡಲ್ಲಿ ಮುಗಿಸ್ಕೊಂಡು ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ ಅಂಥ ಕಡೆ ಬಿಎಫ್‌ಎಗೆ (ಲಲಿತಕಲೆಯ ಬ್ಯಾಚುಲರ್ ಡಿಗ್ರಿ) ಟ್ರಾನ್ಸ್‌ಫರ್ ಆಗ್ಬೇಕು, ಇಲ್ಲಿನ ಯಾವ ಕ್ಲಾಸನ್ನ ಅಲ್ಲಿ ಒಪ್ಕೋತಾರೆ ಅನ್ನೋದನ್ನ ಅಸಿಸ್ಟ್ ವೆಬ್‌ಸೈಟಲ್ಲಿ ನೋಡ್ಕೊಂಡೇ ರಿಜಿಸ್ಟರ್ ಮಾಡ್ಬೇಕು.

ಈಗ ದುಡ್ಡಿನ ಮಾತು. ಕ್ಯಾಲಿಫೋರ್ನಿಯಾ ರೆಸಿಡೆಂಟ್‌ಗಳಿಗೆ ಕಮ್ಯುನಿಟಿ ಕಾಲೇಜ್ ಫೀಸು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರು, ಕ್ವಾರ್ಟರ್ ಯೂನಿಟ್‌ಗೆ 31. ಈ 46 ಅನ್ನೋದು 2012ರಿಂದ ಕದಲಿಲ್ಲ, ಈ ಊರಲ್ಲಿ ಮಸಾಲೆ ದೋಸೆ ರೇಟು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನಿಮಗೇ ಗೊತ್ತು. 4 ಯೂನಿಟ್‌ನ ಒಂದು ಕ್ಲಾಸಿಗೆ ಡಿ ಆಂಜಾದಲ್ಲಿ 124 ಡಾಲರು, ಮೇಲೆ ಸ್ವಲ್ಪ ಸಣ್ಣಪುಟ್ಟ ಫೀಸು. ಪೂರ್ತಿ ಡಿಗ್ರಿನೇ ಮಾಡ್ತೀನಿ ಅಂದ್ರೂ 90 ಯೂನಿಟ್‌ಗೆ 2790 ಡಾಲರು. ಖಾಸಗಿ ಆರ್ಟ್ ಕಾಲೇಜುಗಳಲ್ಲಿ ಟ್ಯೂಷನ್ ಒಂದೇ ವರ್ಷಕ್ಕೆ 50 ಸಾವಿರ ಡಾಲರ್ ಆಸುಪಾಸು, ನಾಲ್ಕು ವರ್ಷ ಅಂದ್ರೆ ಎಷ್ಟು ಅಂತ ಯಜಮಾನ್ರಿಗೆ ಲೆಕ್ಕ ಹಾಕೋಕೆ ಹೇಳಿ, ಕಮ್ಯುನಿಟಿ ಕಾಲೇಜ್ ಬಗ್ಗೆ ಮತ್ತೆ ಚಕಾರ ಎತ್ತಲ್ಲ. ಗ್ರಾಫಿಕ್ ಡಿಸೈನರ್‌ಗಳ ಮಧ್ಯಮ ಸಂಬಳ 2024ರ ಸರ್ಕಾರಿ ಲೆಕ್ಕದಲ್ಲಿ ದೇಶಾದ್ಯಂತ ವರ್ಷಕ್ಕೆ ಸುಮಾರು 61 ಸಾವಿರ ಡಾಲರು. ಆ ಸಂಬಳದ ಕೆಲಸಕ್ಕೆ ಎರಡು ಲಕ್ಷ ಡಾಲರ್ ಸಾಲ ಮಾಡೋದು ಯಾವ ನ್ಯಾಯಕ್ಕೂ ಹೊಂದಲ್ಲ. ಅಲ್ಲಿನ ಮೇಷ್ಟ್ರುಗಳು ದೊಡ್ಡೋರು, ಜೊತೆ ಓದೋರು ಗಟ್ಟಿ, ಸ್ಟುಡಿಯೋಗಳ ಪರಿಚಯ ಸಿಗತ್ತೆ, ಅದೆಲ್ಲ ನಿಜಾನೇ, ಅಲ್ಲ ಅನ್ನಲ್ಲ. 20 ವರ್ಷದ ಹುಡುಗಿಗೆ ಸ್ಕಾಲರ್‌ಶಿಪ್ ಸಿಕ್ಕಿದ್ರೆ ಹೋಗು ಅಂತೀನಿ.

ಎಚ್-4ನಲ್ಲಿ ಇರೋರಿಗೆ ಈ ರೆಸಿಡೆಂಟ್ ಫೀಸು ಸಿಗತ್ತಾ ಅನ್ನೋ ಅನುಮಾನ ಎಲ್ಲರಿಗೂ ಇರತ್ತೆ. ಸಿಗತ್ತೆ. ಕ್ಲಾಸ್ ಶುರುವಾಗೋಕೆ ಮುಂಚೆ ಒಂದು ವರ್ಷ ಒಂದು ದಿನ ರಾಜ್ಯದಲ್ಲಿ ಇದ್ದಿರ್ಬೇಕು, ಇಲ್ಲೇ ನೆಲೆಸೋ ಉದ್ದೇಶ ಇದೆ ಅಂತ ಡ್ರೈವಿಂಗ್ ಲೈಸೆನ್ಸು, ಸ್ಟೇಟ್ ಟ್ಯಾಕ್ಸ್ ರಿಟರ್ನ್ ಇಂಥದ್ದು ತೋರಿಸ್ಬೇಕು. ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಬಂದೋರಿಗೆ ಈ ಭಾಗ್ಯ ಇಲ್ಲ, ಅವರಿಗೆ ಯೂನಿಟ್ ಫೀಸು ಎಷ್ಟೋ ಪಟ್ಟು. ಎಚ್-4ನಲ್ಲಿ ಓದೋಕೆ ವೀಸಾ ಬದಲಾಯಿಸೋದೂ ಬೇಡ, ಪಾರ್ಟ್ ಟೈಮೋ ಫುಲ್ ಟೈಮೋ ನಿಮ್ಮಿಷ್ಟ. ಆದ್ರೆ ಫಾಫ್ಸಾ, ಪೆಲ್ ಗ್ರಾಂಟು ಅಂತ ಕೇಂದ್ರ ಸರ್ಕಾರದ ಓದಿನ ಸಹಾಯಧನ ಇದ್ಯಲ್ಲ, ಇವೆಲ್ಲ ಸಿಟಿಜನ್, ಗ್ರೀನ್ ಕಾರ್ಡ್ ಕಡೆಯೋರಿಗೆ, ಅದನ್ನ ನಂಬ್ಕೊಂಡು ಕೂರಬೇಡಿ. ಇನ್ನೊಂದು ಖರ್ಚು ಯಾರೂ ಮುಂಚೆ ಹೇಳಲ್ಲ, ಸಾಮಾನು. ಪೇಪರು, ಚಾರ್ಕೋಲು, ಗ್ವಾಷ್ ಬಣ್ಣ, ಬ್ರಷ್ಷು, ಎಕ್ಸಾಕ್ಟೋ ಚಾಕು, ಪೋರ್ಟ್‌ಫೋಲಿಯೋ ಬ್ಯಾಗು ಅಂತ ಕೆಲವು ಕ್ಲಾಸಲ್ಲಿ ಫೀಸಿಗಿಂತ ಇದೇ ಜಾಸ್ತಿ ಆಗತ್ತೆ. ಪಟ್ಟಿ ಕೈಗೆ ಸಿಕ್ಕ ತಕ್ಷಣ ಎಲ್ಲ ತಗೊಂಡ್ಬಿಡ್ಬೇಡಿ, ಮೊದಲ ವಾರ ಮೇಷ್ಟ್ರನ್ನ ಕೇಳಿ ಯಾವ್ದು ನಿಜಕ್ಕೂ ಬೇಕು ಅಂತ ತಿಳ್ಕೊಳ್ಳಿ.

ಈಗ ಮುಖ್ಯ ವಿಷಯ, ಏನು ಓದೋದು. ನಮ್ಮೋರು ಕ್ಯಾಟಲಾಗ್ ತೆಗೆದ ಕೂಡ್ಲೇ ಫೋಟೋಶಾಪ್, ಇಲಸ್ಟ್ರೇಟರ್, ಫಿಗ್ಮಾ ಅಂತಿರೋ ಕ್ಲಾಸಿಗೆ ಕೈ ಹಾಕ್ತಾರೆ, ಎಂಜಿನಿಯರ್ ಬುದ್ಧಿ, ಟೂಲ್ ಕಲಿತ್ರೆ ಕೆಲಸ ಬರತ್ತೆ ಅಂತ. ಆ ಒಂದು ವಿಷಯದಲ್ಲಿ ನಿಮ್ಮ ಯಜಮಾನ್ರು ಹೇಳೋದು ಸರಿ, ಟೂಲ್ ಎಲ್ಲ ಯೂಟ್ಯೂಬಲ್ಲೇ ಇದೆ, ಸರಿಯಾಗಿ ಕೂತ್ರೆ ಮನೇಲೇ ಬರತ್ತೆ. ಕ್ಲಾಸ್‌ರೂಮ್ ಬಿಟ್ಟು ಬೇರೆಲ್ಲೂ ಸಿಗದೇ ಇರೋದು ಮೂರು ವಿಷಯ, ಎದುರಿಗಿರೋದನ್ನ ನೋಡಿ ಬರೆಯೋ ಡ್ರಾಯಿಂಗು, ಕೈಯಲ್ಲಿ ಕಲೆಸಿ ಕಲಿಯೋ ಬಣ್ಣ, ಗೋಡೆಗೆ ಹಾಕಿ ಬೈಸ್ಕೊಳ್ಳೋ ಕ್ರಿಟೀಕು. ಆ ಮೂರಕ್ಕೋಸ್ಕರ ದುಡ್ಡು ಕೊಡಿ. ಮೊದಲ ಕ್ವಾರ್ಟರ್‌ಗೆ ಡ್ರಾಯಿಂಗ್ ಒಂದು, ಟು-ಡೈಮೆನ್ಷನಲ್ ಡಿಸೈನ್ ಒಂದು, ಅಷ್ಟೇ. ಎರಡೇ ಕ್ಲಾಸಾ ಅಂತ ಮೂಗು ಮುರೀಬೇಡಿ, ಸ್ಟುಡಿಯೋ ಕ್ಲಾಸಲ್ಲಿ ಲ್ಯಾಬ್ ಗಂಟೆಗಳು ಜಾಸ್ತಿ, ವಾರಕ್ಕೆ ಒಂದೊಂದು ಕ್ಲಾಸಿಗೂ ಐದಾರು ಗಂಟೆ ಅಲ್ಲೇ ಕೂರಬೇಕು, ಮನೆಗೆ ಬಂದು ಹೋಮ್‌ವರ್ಕ್ ಬೇರೆ, ಕ್ವಾರ್ಟರ್ ಅಂದ್ರೆ 12 ವಾರದಲ್ಲಿ ಎಲ್ಲ ಮುಗ್ದುಹೋಗತ್ತೆ, ಮಕ್ಕಳ ಸ್ಕೂಲು ಸಾಕರ್ರು ಹೋಮ್‌ವರ್ಕ್ ಮಧ್ಯೆ ಮೂರನೇದು ತಗೊಂಡ್ರೆ ಮೂರೂ ಹಾಳಾಗ್ತವೆ.

ನಿಮ್ಮ ರಂಗೋಲಿ ಬಗ್ಗೆ ಒಂದು ಮಾತು. ಅದನ್ನ ಸಂಕೋಚದಿಂದ ಬರೆದಿದ್ದೀರಿ ಅನ್ಸ್ತು, ಸಂಕೋಚ ಬೇಡ. ಚುಕ್ಕಿ ಲೆಕ್ಕ, ಸಮ್ಮಿತಿ, ಕೈ ಎತ್ತದೆ ಗೆರೆ ಎಳೆಯೋದು, ಇದು ಟು-ಡಿ ಡಿಸೈನ್ ಕ್ಲಾಸಲ್ಲಿ ಬೇರೆಯವರು ವಾರಗಟ್ಟಲೆ ಒದ್ದಾಡೋ ವಿಷಯ, ಗ್ರಿಡ್ ಅನ್ನೋದು ನಿಮಗೆ ಅಂಗಳದಲ್ಲೇ ಬಂದಿದೆ. ಆದ್ರೆ ಡ್ರಾಯಿಂಗ್ ಕ್ಲಾಸಲ್ಲಿ ಅದೇ ಕೈ ತೊಂದರೆ ಕೊಡತ್ತೆ. ರಂಗೋಲಿ ಸಪಾಟು, ಗೆರೆ ಒಂದೇ ದಪ್ಪ, ಅಂಚು ಮುಚ್ಚಿರ್ಬೇಕು. ಅಲ್ಲಿ ಎದುರಿಗೆ ಒಂದು ಬಿಳಿ ಮೊಟ್ಟೆನೋ ಬಟ್ಟೆ ಮಡಿಕೆನೋ ಇಟ್ಟು ಒಂದೇ ಕಡೆಯಿಂದ ಲೈಟ್ ಬಿಟ್ಟಿರ್ತಾರೆ, ಅದರಲ್ಲಿ ಗೆರೆ ಅನ್ನೋದೇ ಇಲ್ಲ, ಬೆಳಕಿಂದ ಕತ್ತಲಿಗೆ ಹೋಗೋ ಮೆಟ್ಟಿಲುಗಳಷ್ಟೇ. ಅಂಚು ಹಾಕೋ ಚಟ ಬಿಡೋಕೇ ನಿಮಗೆ ಒಂದು ತಿಂಗಳು ಬೇಕು. ಬೇಜಾರು ಮಾಡ್ಕೋಬೇಡಿ, ಕೈ ಕಟ್ಟಿಹಾಕಿದಂಗೆ ಆಗತ್ತೆ ಸ್ವಲ್ಪ ದಿನ.

ಆಮೇಲೆ ಫಿಗರ್ ಡ್ರಾಯಿಂಗ್. ಇಲಸ್ಟ್ರೇಶನ್ ಬೇಕು ಅಂದ್ರೆ ಇದನ್ನ ತಪ್ಪಿಸ್ಕೊಳ್ಳೋಕಾಗಲ್ಲ, ಮತ್ತೆ ನಮ್ಮ ಕಡೆಯೋರು ತಪ್ಪಿಸ್ಕೊಳ್ಳೋದೂ ಇದನ್ನೇ. ಮಾಡೆಲ್ ಬೆತ್ತಲೆ ಇರ್ತಾರೆ, ಗೊತ್ತಿರ್ಲಿ. ರೂಮ್ ಮಧ್ಯೆ ಒಂದು ಕಟ್ಟೆ, ಸುತ್ತ ಈಸಲ್‌ಗಳು, 18 ಇಂಚು 24 ಇಂಚಿನ ನ್ಯೂಸ್‌ಪ್ರಿಂಟ್ ಪ್ಯಾಡು, ವೈನ್ ಚಾರ್ಕೋಲ್ (ದ್ರಾಕ್ಷಿ ಬಳ್ಳಿ ಸುಟ್ಟ ಇದ್ದಿಲು) ಕಡ್ಡಿ. ಫೋಟೋ ತೆಗೆಯೋ ಹಾಗಿಲ್ಲ, ಬ್ರೇಕಲ್ಲಿ ಮಾಡೆಲ್ ನಿಲುವಂಗಿ ಹಾಕ್ಕೋತಾರೆ. ಟೈಮರ್ ಶುರುವಾಗತ್ತೆ, 30 ಸೆಕೆಂಡಿಗೆ ಒಂದು ಭಂಗಿ, ಆಮೇಲೆ ಒಂದು ನಿಮಿಷ, ಎರಡು ನಿಮಿಷ, ಕೊನೆಗೆ 20 ನಿಮಿಷದ್ದು. 30 ಸೆಕೆಂಡಲ್ಲಿ ಮೂಗು ಕಣ್ಣು ಬರೆಯೋಕೆ ಟೈಮೇ ಇರಲ್ಲ, ಭಾರ ಯಾವ ಕಾಲ ಮೇಲಿದೆ, ಬೆನ್ನುಮೂಳೆ ಯಾವ ಕಡೆ ಬಾಗಿದೆ, ಭುಜ ಎತ್ತಿದ್ರೆ ಸೊಂಟ ಎಲ್ಲಿಗೆ ಹೋಯ್ತು, ಅಷ್ಟು ಹಿಡೀಬೇಕು, ಅದೂ ಮಣಿಕಟ್ಟಿಂದಲ್ಲ, ಭುಜದಿಂದ ಇಡೀ ಕೈ ಆಡಿಸಿ. ಮೊದಲ ಹತ್ತು ನಿಮಿಷ ನಿಮಗೆ ಎಲ್ಲಿ ನೋಡ್ಬೇಕು ಅಂತ ಮುಜುಗರ ಆಗತ್ತೆ, ಆಮೇಲೆ ಸಮಯಾನೇ ಸಾಕಾಗ್ತಿಲ್ಲ ಅನ್ನೋ ಗಾಬರಿಗೆ ಮುಜುಗರ ಮರೆತೇ ಹೋಗತ್ತೆ. ಮನೇಲಿ ಅತ್ತೆ ಮಾವ ಬಂದಿದ್ದಾಗ ಆ ಪ್ಯಾಡ್ ಎಲ್ಲಿ ಇಡ್ತೀರಿ ಅನ್ನೋದು ನಿಮಗೆ ಬಿಟ್ಟಿದ್ದು. ಸುಧಾ, ಮಯೂರದಲ್ಲಿ ಕತೆ ಪಕ್ಕ ಬರ್ತಿದ್ದ ರೇಖಾಚಿತ್ರ ನೆನಪಿಸ್ಕೊಳ್ಳಿ, ಬಾಗಿಲಿಗೆ ಒರಗಿ ನಿಂತ ಹೆಂಗಸು ಒಬ್ಬಳು, ಮುಖ ಅರ್ಧ ಕಾಣ್ಸಲ್ಲ, ಆದ್ರೂ ಅವಳು ದಣಿದಿದ್ದಾಳೆ ಅಂತ ಗೊತ್ತಾಗ್ತಿತ್ತು. ಮುಖ ಇಲ್ಲದೆ ದಣಿವು ತೋರಿಸೋಕೆ ಮೈಯನ್ನ ನೋಡಿ ಬರೆದು ಗೊತ್ತಿರ್ಬೇಕು.

ಬಣ್ಣದ ಕ್ಲಾಸು ಹೆಚ್ಚು ಕಡೆ ಪೇಂಟಲ್ಲೇ ಮಾಡಿಸ್ತಾರೆ, ಕಂಪ್ಯೂಟರ್ ಮುಟ್ಟಿಸಲ್ಲ, ಅದು ಒಳ್ಳೇದೇ. ಜೋಸೆಫ್ ಆಲ್ಬರ್ಸ್ ಅನ್ನೋ ಮೇಷ್ಟ್ರು ಜರ್ಮನಿಯ ಬೌಹೌಸ್ ಕಲಾಶಾಲೆಯಿಂದ ಅಮೆರಿಕಕ್ಕೆ ಬಂದು ಬ್ಲಾಕ್ ಮೌಂಟನ್ ಕಾಲೇಜಲ್ಲಿ, ಆಮೇಲೆ ಯೇಲ್‌ನಲ್ಲಿ ಮಾಡಿಸ್ತಿದ್ದ ಒಂದು ಅಭ್ಯಾಸ ಇವತ್ತಿಗೂ ನಡೀತಿದೆ, ಒಂದೇ ಬಣ್ಣದ ಎರಡು ಸಣ್ಣ ಚೌಕ ಕತ್ತರಿಸಿ ಎರಡು ಬೇರೆ ಬಣ್ಣದ ಹಿನ್ನೆಲೆ ಮೇಲಿಟ್ಟು ಅವು ಎರಡು ಬೇರೆ ಬೇರೆ ಬಣ್ಣ ಅನ್ನೋ ಹಾಗೆ ಕಾಣಿಸ್ಬೇಕು. ಸೀರೆ ಅಂಗಡೀಲಿ ಒಂದೇ ಮೈಬಣ್ಣದ ಸೀರೆ ಹಸಿರು ಅಂಚಿಗೆ ಒಂಥರಾ, ಕೆಂಪು ಅಂಚಿಗೆ ಇನ್ನೊಂಥರಾ ಕಾಣತ್ತಲ್ಲ, ಅದೇ ವಿದ್ಯೆ. ಕೇಳೋಕೆ ಸುಲಭ, ಮಾಡೋಕೆ ಕೂತ್ರೆ ಒಂದು ಸಂಜೆ ಪೂರ್ತಿ ಹೋಗತ್ತೆ. ಇದನ್ನ ಮಾಡಿದ್ಮೇಲೆ ಕ್ಯಾನ್ವಾ ಕೊಡೋ ರೆಡಿಮೇಡ್ ಪ್ಯಾಲೆಟ್ ನೋಡಿ ಯಾಕೆ ಸತ್ತಂಗೆ ಇದೆ ಅಂತ ನಿಮಗೇ ತಿಳಿಯತ್ತೆ.

ಟೈಪೋಗ್ರಫಿಗೆ ಬರೋಣ, ನನ್ನ ಪ್ರಕಾರ ಗ್ರಾಫಿಕ್ ಡಿಸೈನ್‌ನಲ್ಲಿ ಮುಕ್ಕಾಲು ಭಾಗ ಇದೇ. ಇಲ್ಲಿ ಕಲ್ಸೋದೆಲ್ಲ ರೋಮನ್ ಲಿಪಿ ಇಟ್ಕೊಂಡು, ಎ ಮತ್ತು ವಿ ಪಕ್ಕಪಕ್ಕ ಬಂದ್ರೆ ಮಧ್ಯದ ಖಾಲಿ ಜಾಗ ಹೇಗೆ ತೆಗೀಬೇಕು, ಸಾಲಿಗೂ ಸಾಲಿಗೂ ಎಷ್ಟು ಅಂತರ, ಹೆಡ್‌ಲೈನ್ ಎಷ್ಟು ದೊಡ್ಡದಾದ್ರೆ ಕಣ್ಣು ಮೊದಲು ಅಲ್ಲಿಗೆ ಹೋಗತ್ತೆ. ಅದನ್ನ ಶ್ರದ್ಧೆಯಿಂದ ಕಲೀರಿ, ಆದ್ರೆ ಅಲ್ಲಿಗೇ ನಿಲ್ಸಬೇಡಿ, ನಿಮ್ಮ ಹತ್ರ ಆ ಕ್ಲಾಸಲ್ಲಿ ಬೇರೆ ಯಾರ ಹತ್ರನೂ ಇಲ್ಲದ ಒಂದು ಲಿಪಿ ಇದೆ. ನಿಮ್ಮ ರಾಜ್ಯೋತ್ಸವದ ಪೋಸ್ಟರನ್ನೇ ತಗೊಳ್ಳಿ. ಅಡೋಬಿ ಇನ್‌ಡಿಸೈನ್‌ನಲ್ಲಿ ಕನ್ನಡ ಟೈಪ್ ಮಾಡಿದಾಗ ಸೆಟ್ಟಿಂಗ್ ಸರಿ ಇಲ್ಲ ಅಂದ್ರೆ ಒತ್ತಕ್ಷರ ಒಡೆದುಹೋಗತ್ತೆ, ‘ರಾಜ್ಯೋತ್ಸವ’ದ ಯ ಒತ್ತು, ಸ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ಬಿಡಿಬಿಡಿ ನಿಂತ್ಕೊಂಡು ಮಧ್ಯೆ ಒಂದು ಅರ್ಧಾಕ್ಷರದ ಕೊಂಬು ಏಳತ್ತೆ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನು ಒಳಗೆ ವರ್ಲ್ಡ್-ರೆಡಿ ಕಂಪೋಸರ್ ಅಂತ ಇರತ್ತೆ, ಅದನ್ನ ಆರಿಸಿದ್ರೆ ಸರಿಹೋಗತ್ತೆ. ಇಲಸ್ಟ್ರೇಟರಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ ಟೈಪ್ ಕೆಳಗೆ ಇಂಡಿಕ್ ಆಪ್ಷನ್ಸ್ ಆನ್ ಮಾಡ್ಬೇಕು. ಇದು ಗೊತ್ತಿಲ್ದೇ ಎಷ್ಟು ಜನ ವರ್ಡ್‌ನಲ್ಲಿ ಟೈಪ್ ಮಾಡಿ ಸ್ಕ್ರೀನ್‌ಶಾಟ್ ತೆಗೆದು ಪೋಸ್ಟರಿಗೆ ಅಂಟಿಸ್ತಾರೆ ಅಂತ ನೋಡಿದ್ರೆ ಅಳು ಬರತ್ತೆ, ಪ್ರಿಂಟ್ ಆದಾಗ ಅಂಚೆಲ್ಲ ಮಸುಕು ಮಸುಕು.

ಆಮೇಲೆ ಸಾಲಿನ ಅಂತರ. ಈ ಸಾಫ್ಟ್‌ವೇರ್‌ಗಳಲ್ಲಿ ಆಟೋ ಲೀಡಿಂಗ್ ಅಕ್ಷರದ ಸೈಜಿನ 120 ಪರ್ಸೆಂಟು, ಅಂದ್ರೆ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು. ಇಂಗ್ಲಿಷಿಗೆ ನಡಿಯತ್ತೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿಳಿಯತ್ತೆ, ಕೆಳಗಿನ ಸಾಲಿನ ಗುಡಿಸು, ತಲೆಕಟ್ಟು ಮೇಲೇಳತ್ತೆ, ಎರಡೂ ಮುಟ್ಟಿ ಗಲಾಟೆ ಆಗತ್ತೆ, 140ರಿಂದ 150 ಪರ್ಸೆಂಟ್ ಬೇಕೇ ಬೇಕು, ಕೆಲವು ಫಾಂಟಿಗೆ ಅದಕ್ಕಿಂತ ಜಾಸ್ತಿ. ಇಂಗ್ಲಿಷು ಕನ್ನಡ ಎರಡೂ ಒಂದೇ ಪೋಸ್ಟರಲ್ಲಿ ಬಂದ್ರೆ ಒಂದೇ ಪಾಯಿಂಟ್ ಸೈಜ್ ಕೊಟ್ರೂ ಎರಡರ ಗಾತ್ರ ಬೇರೆ ಬೇರೆ ಕಾಣತ್ತೆ, ಕಣ್ಣಳತೆಯಲ್ಲಿ ಸರಿ ಮಾಡ್ಬೇಕು. ಫಾಂಟ್ ಬೇಕಂದ್ರೆ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ ಇವೆಲ್ಲ ಯೂನಿಕೋಡು, ಫ್ರೀ, ಅನೇಕ್‌ನಲ್ಲಿ ತೆಳುವಿಂದ ದಪ್ಪದವರೆಗೆ, ಇಕ್ಕಟ್ಟಿಂದ ಅಗಲದವರೆಗೆ ಎಲ್ಲ ಸಿಗತ್ತೆ. ಫೈನಲ್ ಪ್ರಾಜೆಕ್ಟಿಗೆ ಎರಡು ಭಾಷೆಯ ಪೋಸ್ಟರು, ಇಲ್ಲ ಪ್ಯಾಕೇಜಿಂಗು ಮಾಡಿ ಅಂತ ನನ್ನ ಸಲಹೆ. ಮೇಷ್ಟ್ರಿಗೆ ಕನ್ನಡ ಬರಲ್ಲ, ಆದ್ರೆ ಎರಡು ಲಿಪಿ ಹೊಂದಿಕೊಂಡಿದ್ಯಾ ಇಲ್ವಾ ಅಂತ ಅವರ ಕಣ್ಣಿಗೆ ಗೊತ್ತಾಗತ್ತೆ. ಪೋರ್ಟ್‌ಫೋಲಿಯೋದಲ್ಲಿ ಬೇರೆ ಎಲ್ಲರದ್ದೂ ಕಾಫಿ ಅಂಗಡಿ ಲೋಗೋ ಇರುವಾಗ ನಿಮ್ಮದು ಎದ್ದು ಕಾಣತ್ತೆ.

ಕ್ರಿಟೀಕ್ ಬಗ್ಗೆ ನಮ್ಮೋರಿಗೆ ಸ್ವಲ್ಪ ತಯಾರಿ ಬೇಕು. ಎಲ್ಲರ ಕೆಲಸಾನೂ ಗೋಡೆಗೆ ಪಿನ್ ಮಾಡ್ತಾರೆ, ಒಬ್ಬೊಬ್ಬರದ್ದಾಗಿ ಮಾತಾಡ್ತಾರೆ. ನಾವು ಬೆಳೆದಿರೋ ರೀತಿಗೆ ಒಂದೋ ಸುಮ್ಮನಿರ್ತೀವಿ, ಇಲ್ಲ ತುಂಬಾ ಚೆನ್ನಾಗಿದೆ ಅಂತೀವಿ, ನಮ್ಮದರ ಬಗ್ಗೆ ಯಾರಾದ್ರೂ ಅಂದ್ರೆ ಸಮಜಾಯಿಷಿ ಕೊಡೋಕೆ ಶುರು ಮಾಡ್ತೀವಿ. ಸಮಜಾಯಿಷಿ ಬೇಡ. ಪೋಸ್ಟರ್ ಪಕ್ಕ ನಿಂತು ನೀವು ಬಸ್ ಸ್ಟಾಪಲ್ಲಿ ವಿವರಣೆ ಕೊಡೋಕಾಗಲ್ಲ ಅಲ್ವಾ, ಅವರಿಗೆ ಅರ್ಥ ಆಗ್ಲಿಲ್ಲ ಅಂದ್ರೆ ಅದು ಕೆಲಸದ ತಪ್ಪು. ಬೇರೆಯವರದ್ದರ ಬಗ್ಗೆ ಮಾತಾಡುವಾಗ ಚೆನ್ನಾಗಿದೆ ಚೆನ್ನಾಗಿಲ್ಲ ಬಿಟ್ಟು ನನ್ನ ಕಣ್ಣು ಮೊದಲು ಈ ಮೂಲೆಗೆ ಹೋಯ್ತು, ಆಮೇಲೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗ್ಲಿಲ್ಲ ಅಂತ ಹೇಳೋದು ಕಲೀರಿ. ನೀವು ಟೆಸ್ಟಿಂಗ್ ಮಾಡಿದೋರು, ಬಗ್ ಬರೆಯೋವಾಗ ಸಾಫ್ಟ್‌ವೇರ್ ಕೆಟ್ಟದಾಗಿದೆ ಅಂತ ಬರೀತಿದ್ರಾ? ಏನು ಮಾಡಿದೆ, ಏನಾಗ್ಬೇಕಿತ್ತು, ಏನಾಯ್ತು ಅಂತ ಬರೀತಿದ್ರಿ. ಆ ಅಭ್ಯಾಸ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರತ್ತೆ.

ಡಿಸೈನು, ಇಲಸ್ಟ್ರೇಶನ್ನು ಎರಡೂ ಒಟ್ಟಿಗೆ ಬರೆದಿದ್ದೀರಿ. ಕ್ಲಾಸುಗಳು ಒಟ್ಟಿಗೇ ಇರ್ತವೆ, ಸಂಪಾದನೆಯ ದಾರಿ ಮಾತ್ರ ಬೇರೆ. ಡಿಸೈನಲ್ಲಿ ಸಂಬಳದ ಕೆಲಸಗಳಿವೆ, ಕಂಪನಿ, ಏಜೆನ್ಸಿ, ಪ್ರಿಂಟ್ ಶಾಪು, ಸ್ಕೂಲ್ ಡಿಸ್ಟ್ರಿಕ್ಟು. ಇಲಸ್ಟ್ರೇಶನ್ ಬಹುಪಾಲು ಫ್ರೀಲ್ಯಾನ್ಸು, ಒಂದು ಕೆಲಸ ಮುಗೀತಿದ್ದಂಗೆ ಮುಂದಿನದ್ದು ಹುಡುಕ್ತಿರ್ಬೇಕು. ಮಕ್ಕಳ ಪುಸ್ತಕ ಮಾಡ್ಬೇಕು ಅಂತ ಇದ್ರೆ ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ ಅನ್ನೋದರಿಂದ ಶುರು ಮಾಡಿ, ಅದೇ ಪಾತ್ರ ಪುಟ ಪುಟಕ್ಕೂ ಬೇರೆ ಬೇರೆ ಭಂಗಿಯಲ್ಲಿ ಅದೇ ಪಾತ್ರವಾಗಿ ಕಾಣ್ಬೇಕು, ಮೇಲೆ ಹೇಳಿದ 30 ಸೆಕೆಂಡಿನ ಭಂಗಿಗಳು ಆಗ ಕೈ ಹಿಡೀತವೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ 2015ರಿಂದ ಇದೆ, ಅಲ್ಲಿ ಕನ್ನಡದ ಮಕ್ಕಳ ಕತೆಗಳು ಓಪನ್ ಲೈಸೆನ್ಸಲ್ಲಿ ಸಿಗ್ತವೆ, ಒಂದು ಕತೆ ಆರಿಸಿ ಅವರ ಚಿತ್ರ ನೋಡದೆ ನೀವೇ ಮೂರು ನಾಲ್ಕು ಸ್ಪ್ರೆಡ್ (ಎದುರುಬದುರು ಎರಡು ಪುಟ) ಮಾಡಿ ಪೋರ್ಟ್‌ಫೋಲಿಯೋಗೆ ಹಾಕ್ಕೊಳ್ಳಿ, ಕತೆಗಾರರ ಹೆಸರು, ಲೈಸೆನ್ಸು ಕೆಳಗೆ ಬರೀರಿ. ಇಲ್ಲಿನ ಮಕ್ಕಳ ಪುಸ್ತಕದ ಜಗತ್ತು ಅರ್ಥ ಆಗೋಕೆ ಎಸ್‌ಸಿಬಿಡಬ್ಲ್ಯುಐ ಅನ್ನೋ ಬರಹಗಾರರ ಮತ್ತು ಚಿತ್ರಕಾರರ ಸಂಘ ಇದೆ, 1971ರಿಂದ ನಡೀತಿದೆ, ಎರಡನೇ ವರ್ಷಕ್ಕೆ ಮೆಂಬರ್ ಆದ್ರೆ ಸಾಕು, ಈಗ್ಲೇ ಬೇಡ.

ಎಐ. ಸುಳ್ಳು ಧೈರ್ಯ ಹೇಳಲ್ಲ. ಸ್ಟಾಕ್ ಇಲಸ್ಟ್ರೇಶನ್ನು, ಲೇಖನದ ಮೇಲೆ ಸುಮ್ನೆ ಹಾಕೋ ಚಿತ್ರ, ಐವತ್ತು ಡಾಲರ್ ಲೋಗೋ, ಹೊಸಬರು ಕೈ ಪಳಗಿಸ್ಕೊಳ್ತಿದ್ದ ಈ ಥರದ ಕೆಲಸಗಳು 2022ರಿಂದೀಚೆಗೆ ಕಣ್ಣೆದುರಿಗೇ ಕರಗ್ತಿವೆ, ಮತ್ತೆ ಬರೋ ಲಕ್ಷಣ ಇಲ್ಲ. ಸರ್ಕಾರಿ ಅಂದಾಜಲ್ಲೂ ಈ ವೃತ್ತಿಯ ಬೆಳವಣಿಗೆ ಸರಾಸರಿಗಿಂತ ನಿಧಾನ. ಇನ್ನೊಂದು ಕಡೆ, ಅಮೆರಿಕದ ಕಾಪಿರೈಟ್ ಆಫೀಸು 2023ರಲ್ಲಿ ಒಂದು ಕಾಮಿಕ್ಸಿನ ವಿಷಯದಲ್ಲಿ ಮಿಡ್‌ಜರ್ನಿ ಅನ್ನೋ ಎಐ ಹುಟ್ಟಿಸಿದ ಚಿತ್ರಗಳಿಗೆ ಕಾಪಿರೈಟ್ ಇಲ್ಲ, ಬರೆದ ಪಠ್ಯಕ್ಕೆ, ಜೋಡಣೆಗೆ ಮಾತ್ರ ಇದೆ ಅಂತ ತೀರ್ಮಾನ ಕೊಟ್ಟಿದೆ. ಹಾಗಾಗಿ ಲೋಗೋ, ಪಾತ್ರ, ಪ್ಯಾಕೇಜು ತಮ್ಮದೇ ಸ್ವತ್ತಾಗಿರ್ಬೇಕು ಅನ್ನೋ ಕಂಪನಿಗಳು ಎಚ್ಚರವಾಗಿವೆ. ಎಐ ಬರೆದ ಕನ್ನಡದ ಪೋಸ್ಟರ್‌ಗಳಲ್ಲಿ ದೂರದಿಂದ ಕನ್ನಡ, ಹತ್ತಿರ ಹೋದ್ರೆ ಯಾವ ಲಿಪಿನೂ ಅಲ್ಲದ ಅಕ್ಷರಗಳನ್ನ ನೀವೂ ವಾಟ್ಸಾಪಲ್ಲಿ ನೋಡಿರ್ತೀರಿ, ಆದ್ರೆ ಅದು ಸುಧಾರಿಸ್ತಿದೆ, ಎಐಗೆ ಕನ್ನಡ ಬರಲ್ಲ ಅನ್ನೋದನ್ನ ನಂಬ್ಕೊಂಡು ಬದುಕೋಕಾಗಲ್ಲ. ಕೆಲಸ ಉಳಿಯೋದು ಕ್ಲೈಂಟ್ ಜೊತೆ ಕೂತು ಇವರಿಗೆ ನಿಜಕ್ಕೂ ಏನು ಬೇಕು ಅಂತ ಬಿಡಿಸೋರಿಗೆ, ಇಪ್ಪತ್ತು ಆಯ್ಕೆಯಲ್ಲಿ ಹತ್ತೊಂಬತ್ತು ಯಾಕೆ ತಪ್ಪು ಅಂತ ಹೇಳಬಲ್ಲೋರಿಗೆ, ಪ್ರಿಂಟಿಗೆ ಹೋಗೋ ಫೈಲ್ ಸರಿಯಾಗಿ ಕಟ್ಟೋರಿಗೆ. ಯುಎಕ್ಸ್‌ಗೆ (ಆಪು, ವೆಬ್‌ಸೈಟು ಬಳಸೋರಿಗೆ ಸುಲಭ ಆಗೋ ಹಾಗೆ ಡಿಸೈನ್ ಮಾಡೋದು) ಹೋಗಿ ಅಂತ ನಿಮಗೆ ಬೇರೆಯವರು ಹೇಳ್ತಾರೆ, ಟೆಸ್ಟಿಂಗ್ ಹಿನ್ನೆಲೆ ಇರೋದ್ರಿಂದ ಕೆಟ್ಟ ಯೋಚನೆ ಏನಲ್ಲ, ಆದ್ರೆ ಲೇಆಫ್‌ಗಳಾದ್ಮೇಲೆ ಅಲ್ಲೂ ಕ್ಯೂ ಉದ್ದ ಇದೆ. ಒಂದು ಕ್ಲಾಸ್ ತಗೊಂಡು ನೋಡಿ, ಇಷ್ಟ ಆದ್ರೆ ಮುಂದುವರಿಸಿ.

ಇಎಡಿ ಇದೆ ಅಂದ್ರಿ, ಹಾಗಿದ್ರೆ ಸಂಬಳದ ಕೆಲಸ, ಫ್ರೀಲ್ಯಾನ್ಸ್ ಎರಡೂ ಮಾಡ್ಬೋದು, ಸ್ವಂತ ಹೆಸರಲ್ಲಿ ಬಿಲ್ ಮಾಡ್ಬೋದು. ಇಎಡಿ ಇಲ್ಲದ ಎಚ್-4 ಗೆಳತಿಯರು ಯಾರಾದ್ರೂ ಇದನ್ನ ಓದ್ತಿದ್ರೆ ಅವರಿಗೆ, ಒಂದು ಡಾಲರಿಗೆ ಮದುವೆ ಕಾರ್ಡ್ ಮಾಡಿಕೊಟ್ರೂ ಅದು ಕೆಲಸಾನೇ, ಬೇಡ. ಬೆಂಗಳೂರಿನ ಕ್ಲೈಂಟಿಗೆ ಇಲ್ಲಿಂದ ಕೂತು ಮಾಡಿಕೊಡ್ತೀನಿ ಅನ್ನೋದೂ ವಕೀಲರನ್ನ ಕೇಳದೆ ಬೇಡ. ನಿಮ್ಮ ಇಎಡಿ ತಾರೀಖಿನ ಮೇಲೂ ಕಣ್ಣಿಡಿ, 2025ರ ಅಕ್ಟೋಬರ್ 30ರಿಂದೀಚೆಗೆ ಹಾಕಿದ ರಿನ್ಯೂವಲ್‌ಗಳಿಗೆ ಮೊದಲಿನ ಹಾಗೆ ತಾನಾಗೇ ಎಕ್ಸ್‌ಟೆನ್ಷನ್ ಸಿಗಲ್ಲ, ಹೊಸ ಕಾರ್ಡ್ ಬರೋ ತನಕ ಮಧ್ಯೆ ಗ್ಯಾಪ್ ಬಿದ್ರೆ ಕೆಲಸ ನಿಲ್ಲಿಸ್ಬೇಕು, ಓದು ಮಾತ್ರ ನಿಲ್ಲಿಸ್ಬೇಕಿಲ್ಲ.

ಸಾಫ್ಟ್‌ವೇರಿಗೆ ದುಡ್ಡು ಹಾಕೋ ಮುಂಚೆ ಕಾಲೇಜಲ್ಲಿ ಅಡೋಬಿ ಲೈಸೆನ್ಸ್ ಕೊಡ್ತಾರಾ ಕೇಳಿ, ಲ್ಯಾಬಲ್ಲಂತೂ ಇರತ್ತೆ. ಮನೇಲಿ ಅಭ್ಯಾಸಕ್ಕೆ ಅಫಿನಿಟಿ ಅನ್ನೋ ಡಿಸೈನ್ ಸಾಫ್ಟ್‌ವೇರ್ ಇದೆ, 2025ರ ಕೊನೇಲಿ ಫ್ರೀ ಆಯ್ತು, ಚಿತ್ರ ಬರೆಯೋಕೆ ಕ್ರೀಟಾ ಯಾವಾಗ್ಲೂ ಫ್ರೀ. ಐಪ್ಯಾಡ್ ಮೊದಲ ವರ್ಷ ಬೇಡ್ವೇ ಬೇಡ, ತಪ್ಪಿದ್ರೆ ಅನ್‌ಡೂ ಒತ್ತೋ ಅಭ್ಯಾಸ ಆಗ್ಬಿಟ್ರೆ ಚಾರ್ಕೋಲ್ ಹಿಡಿದಾಗ ಕೈ ನಡುಗತ್ತೆ.

ಸೇರೋದು ಸುಲಭ, ಸಿಸಿಸಿ ಅಪ್ಲೈ ಅನ್ನೋ ವೆಬ್‌ಸೈಟಲ್ಲಿ ಅರ್ಜಿ ಹಾಕೋಕೆ ದುಡ್ಡಿಲ್ಲ, ಎಂಟ್ರೆನ್ಸ್ ಇಲ್ಲ, ಪೋರ್ಟ್‌ಫೋಲಿಯೋ ಕೇಳಲ್ಲ. ಡಿ ಆಂಜಾ, ಫುಟ್‌ಹಿಲ್‌ನಲ್ಲಿ ಫಾಲ್ ಕ್ವಾರ್ಟರ್ ಸೆಪ್ಟೆಂಬರ್ ಕೊನೇಲಿ ಶುರು, ಮಿಷನ್, ವೆಸ್ಟ್ ವ್ಯಾಲಿ, ಒಹ್ಲೋನಿ ಇವು ಸೆಮಿಸ್ಟರ್ ಆದ್ರಿಂದ ಆಗಸ್ಟ್‌ನಲ್ಲೇ ಶುರು. ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಹೋಗೋಕೆ ಆಗೋ ಬೆಳಗಿನ ಕ್ಲಾಸ್ ಎಲ್ಲಿದೆ ನೋಡಿ ಅಲ್ಲಿಗೆ ಹೋಗಿ, ಬೇರೆ ಬೇರೆ ಕಾಲೇಜಲ್ಲಿ ಒಂದೊಂದು ಕ್ಲಾಸ್ ತಗೊಂಡ್ರೂ ತೊಂದರೆ ಇಲ್ಲ. ಡ್ರಾಯಿಂಗ್, ಫಿಗರ್, ಬಣ್ಣ ಇವನ್ನ ಆನ್‌ಲೈನ್ ತಗೋಬೇಡಿ, ಸಾಫ್ಟ್‌ವೇರ್ ಕ್ಲಾಸ್ ಬೇಕಾದ್ರೆ ಆನ್‌ಲೈನ್ ಇರ್ಲಿ. ಪಾರ್ಟ್ ಟೈಮ್ ಪಾಠ ಮಾಡೋರು ಬಹಳ ಜನ ಹಗಲು ಸ್ಟುಡಿಯೋದಲ್ಲಿ ಕೆಲಸ ಮಾಡೋ ಡಿಸೈನರ್‌ಗಳೇ, ಸಂಜೆ ಕ್ಲಾಸಲ್ಲಿ ಅಂಥೋರು ಸಿಗೋ ಸಾಧ್ಯತೆ ಜಾಸ್ತಿ, ಅವರ ಕೆಲಸ ಹುಡುಕಿ ನೋಡಿ ಆರಿಸ್ಕೊಳ್ಳಿ. ಇನ್ನೊಂದು ವಿಷಯ, ಕ್ಯಾಲಿಫೋರ್ನಿಯಾದಲ್ಲಿ ಪಾಸಾದ ಆರ್ಟ್ ಕ್ಲಾಸನ್ನ ಇಷ್ಟ ಅಂತ ಮತ್ತೆ ಮತ್ತೆ ತಗೊಳ್ಳೋಕೆ ಬಿಡಲ್ಲ, ಫಿಗರ್ ಡ್ರಾಯಿಂಗ್ ಒಂದು, ಎರಡು, ಮೂರು ಅಂತ ಮೇಲಿನ ಲೆವೆಲ್ ತಗೋಬೇಕು, ಅದಕ್ಕೂ ಒಂದು ಮಿತಿ ಇದೆ, ಹಾಗಾಗಿ ಟೈಮ್ ಇಲ್ಲದ ಕ್ವಾರ್ಟರಲ್ಲಿ ಸುಮ್ನೆ ಸೇರಿ ಹಾಳು ಮಾಡ್ಕೋಬೇಡಿ.

ಹೊಸಬರಿಗೆ ರಿಜಿಸ್ಟ್ರೇಶನ್ ತಾರೀಖು ಕೊನೇಲಿ ಬರತ್ತೆ, ನೀವು ಲಾಗಿನ್ ಆಗೋ ಹೊತ್ತಿಗೆ ಡ್ರಾಯಿಂಗ್ ಕ್ಲಾಸ್ ತುಂಬಿರತ್ತೆ, ವೇಟ್‌ಲಿಸ್ಟ್ ತೋರ್ಸತ್ತೆ. ಹೆಸರು ಹಾಕಿ, ಮೊದಲ ದಿನ ಪೇಪರ್ ಪ್ಯಾಡ್ ಹಿಡ್ಕೊಂಡು ಕ್ಲಾಸಿಗೆ ಹೋಗಿ ಕೂತ್ಕೊಳ್ಳಿ. ಕೆಲವರು ಬಂದೇ ಇರಲ್ಲ, ಜಾಗ ಇದ್ರೆ ಮೇಷ್ಟ್ರು ಕ್ಲಾಸಿಗೆ ಸೇರೋಕೆ ಆಡ್ ಕೋಡ್ ಕೊಡ್ತಾರೆ, ಆ ರಾತ್ರಿನೇ ಹಾಕ್ಬಿಡಿ, ಅದಕ್ಕೂ ಡೆಡ್‌ಲೈನ್ ಇರತ್ತೆ.